ಮೂರೂವರೆ ಕುದುರೆಯ ಮೇಲೆ ಬಿತ್ತನೆ ಗೂಡು

ಸೇತುವೆಯ ಆಚೆ

ಈಗ ನಮ್ಮ ಕೊಳ್ಳೇಗಾಲವೂ ಮೈಸೂರಿಗೆ ಸೇರಿಹೋಗಿದೆ. ಆದ್ದರಿಂದ ನಾನು ರಾಮನಗರ, ಮಾಗಡಿ, ಕನಕಪುರ ನೋಡಿಬಂದದ್ದನ್ನು ಪರದೇಶ ಪ್ರವಾಸ ಎಂದರೆ ಇಂದಿನವರು ನಗುತ್ತಾರೆ. ನಗಲಿ. ನಾನು ಹೋದ ಕಾಲಕ್ಕೆ ನಾವು ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಯವರು. ಶಿವನಸಮುದ್ರದ ಸೇತುವೆ ದಾಟಿದರೆ ಬೇರೆ ದೊರೆ, ಬೇರೆ ಕಾನೂನು, ಬೇರೆ ಸ್ಟಾಂಪು. ಮಾತು ಮಾತ್ರ ಒಂದೇ. ಅದೂ ಜಗಳವಾಡುವುದಕ್ಕೆ ಅನುಕೂಲವಾಗಲಿ ಎಂದು ದೇವರು ಉಳಿಸಿದ್ದಿರಬೇಕು.

ಹೋದದ್ದು ಬಿತ್ತನೆ ಗೂಡು ತರುವುದಕ್ಕೆ. ನಮ್ಮ ಕಡೆ ರೇಷ್ಮೆ ಹುಳು ಮೇಯಿಸುವವರು ತಮ್ಮ ಗೂಡಿನಿಂದಲೇ ಮುಂದಿನ ಬೆಳೆಗೆ ಮೊಟ್ಟೆ ಇಡಿಸುತ್ತಿರಲಿಲ್ಲ. ಇಡಿಸಿದರೆ ಹುಳು ಬಡಕಲಾಗುತ್ತದೆ. ಪ್ರತಿ ಬೆಳೆಗೂ ಮಾಗಡಿ ಸೀಮೆಯ ತಂಪಿನಲ್ಲಿ ಬೆಳೆದ ಗೂಡನ್ನು ಜೀವಂತವಾಗಿ ತರಬೇಕು. ಗೂಡಿನೊಳಗೆ ಹುಳು ಮಲಗಿರುತ್ತದೆ. ಒಂದು ವಾರ ಕಳೆದರೆ ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬಂದು ಮೊಟ್ಟೆ ಇಡುತ್ತದೆ. ಅಷ್ಟರೊಳಗೆ ಅದು ನಮ್ಮ ಮನೆಯಲ್ಲಿರಬೇಕು.

ಈ ಗೂಡನ್ನು ನಮ್ಮೂರಿಗೆ ಹೊತ್ತು ತರುತ್ತಿದ್ದವನು ಮಾದಯ್ಯ. ಹೆಗಲ ಮೇಲೆ ಬಿದಿರಿನ ಅಡ್ಡೆ, ಅದರ ಎರಡು ತುದಿಗೂ ಒಂದೊಂದು ಬುಟ್ಟಿ. ಹೋಗುವುದಕ್ಕೆ ನಾಲ್ಕು ದಿನ, ಬರುವುದಕ್ಕೆ ನಾಲ್ಕು ದಿನ, ಎಲ್ಲ ಕಾಲ್ನಡಿಗೆ. ಹೊತ್ತು ತಂದದ್ದಕ್ಕೆ ಬುಟ್ಟಿಗೆ ಒಂದು ಬೊಗಸೆ ಗೂಡು ಅವನ ಪಾಲು. ಅವನಪ್ಪನೂ ಹೀಗೆಯೇ ಹೊರುತ್ತಿದ್ದನಂತೆ.

ನನ್ನ ಹತ್ತಿರ ಆಗ ಒಂದೂವರೆ ಕುದುರೆ ಶಕ್ತಿಯ ಸಣ್ಣ ಮೋಟಾರ್ ಸೈಕಲ್ ಇತ್ತು. ಹೆಸರಿಗೆ ಮೋಟಾರು, ಆದರೆ ಪೆಡಲೂ ಇತ್ತು. ಪಕ್ಕದಲ್ಲಿ ಓಡಿ ಹಾರಿ ಕೂರಬೇಕು. ಏರು ಬಂದರೆ ಬೆಲ್ಟು ಜಾರುತ್ತಿತ್ತು, ಇಳಿದು ತಳ್ಳುತ್ತಿದ್ದೆ. ಹಾಗೆ ತಳ್ಳಿಕೊಂಡೇ ಹಿಂದಿನ ಬೆಳೆಗೆ ಒಂದು ಬುಟ್ಟಿ ಗೂಡು ತಂದಿದ್ದೆ. ಕ್ಯಾರಿಯರ್ ಇಲ್ಲದ್ದರಿಂದ ಬುಟ್ಟಿಯನ್ನು ಪಂಚೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಿದ್ದೆ. ಒಂದು ಗೂಡೂ ಕೆಡಲಿಲ್ಲ. ಬೀದಿಯವರೆಲ್ಲ ಹೊಗಳಿದರು, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಬುಟ್ಟಿ ಏಕೆ, ಎರಡು ತರುತ್ತೇನೆ, ಅದೂ ತಳ್ಳದೆ ತರುತ್ತೇನೆ ಎಂದು ಸಣ್ಣದನ್ನು ಆಸ್ಪತ್ರೆಯ ಕಾಂಪೌಂಡರಿಗೆ ಕೊಟ್ಟು ಮೂರೂವರೆ ಕುದುರೆಯ ಗಾಡಿ ಕೊಂಡೆ. ಪಕ್ಕಕ್ಕೆ ತೊಟ್ಟಿಲು ಕಟ್ಟಿಕೊಂಡು ಸೈನ್ಯದವರು ಓಡಿಸುವ ಗಾಡಿಗಳ ಮುಂದೆ ಇದೇನೂ ದೊಡ್ಡದಲ್ಲ, ನಡುವಿನದು. ಆದರೆ ಕಾಲಲ್ಲಿ ಒದ್ದು ಚಾಲೂ ಮಾಡಬಹುದು, ಬೆಲ್ಟಿನ ಬದಲು ಚೈನು, ಮೂರು ಗೇರು, ಹಿಂದೆ ಕಬ್ಬಿಣದ ಅಗಲವಾದ ಕ್ಯಾರಿಯರ್. ಆ ಕ್ಯಾರಿಯರ್ ನೋಡಿಯೇ ನಾನು ಮರುಳಾದದ್ದು.

ಅಕ್ಕ ಗೌರಮ್ಮ ಮಾತ್ರ ಮೊದಲೇ ಬೇಡ ಎಂದಿದ್ದಳು. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು. ಅವಳಿಗೂ ನನ್ನ ಹೆಂಡತಿಗೂ ಒಂದೇ ಒಲೆಯ ಮುಂದೆ ಹೊಂದುತ್ತಿರಲಿಲ್ಲ. ತಪ್ಪು ಯಾರದೆಂದು ನಾನು ಹೇಳುವುದಿಲ್ಲ, ಹೇಳಿದರೆ ಇಬ್ಬರೂ ಸೇರಿ ನನ್ನ ಮೇಲೆ ಬೀಳುತ್ತಾರೆ. ಅಕ್ಕ ಹಿತ್ತಲ ಕೊಟ್ಟಿಗೆಯನ್ನು ಸಾರಿಸಿ ತನ್ನದೇ ಹುಳುಮನೆ ಮಾಡಿಕೊಂಡಿದ್ದಳು. ತಾನೇ ನೀರು ಹೊತ್ತು ಹಾಕಿ ಹಿಪ್ಪುನೇರಳೆ ಸೊಪ್ಪು ಬೆಳೆಸಿದ್ದಳು. ಇದು ಅವಳ ಮೊದಲ ಬೆಳೆ. ಇದು ಕೈಗೆ ಬಂದರೆ ಅಲ್ಲೇ ಪಕ್ಕದಲ್ಲಿ ಬೇರೆ ಒಲೆ ಹೂಡುವುದೆಂದು ಒಲೆಗೆ ಮಣ್ಣು ಕೂಡ ತುಳಿದಿಟ್ಟಿದ್ದಳು. ಬಿತ್ತನೆ ಬರುವುದೊಂದೇ ಬಾಕಿ.

"ನಿನ್ ಗಾಡಿ ಬ್ಯಾಡ ಕನಪ್ಪ. ಮಾದಯ್ಯನೇ ತಂದ್ಕೊಡ್ಲಿ" ಎಂದಳು.

"ಅವನು ಎಂಟು ದಿನ ತಗೊಳ್ತಾನೆ. ನಾನು ಮೂರೇ ದಿನಕ್ಕೆ ತರ್ತೀನಿ."

"ನಂಗೇನ್ ಅಷ್ಟು ಅರ್ಜೆಂಟಿಲ್ಲ."

ನನಗಿತ್ತು. ಮಾದಯ್ಯನಿಗೆ ನಾನೇ ಹೋಗಿ ನಮ್ಮ ಬೀದಿಗೆ ನೀನು ಬೇಡ ಎಂದು ಹೇಳಿಬಂದೆ. ಅವನು "ಆಗ್ಲಿ ಬುದ್ದಿ" ಎಂದು ಮೇಲಿನ ಬೀದಿಯವರಿಗೆ ಗೂಡು ತರಲು ಹೊರಟುಹೋದ. ಅವನು ಹೊರಟ ನಾಲ್ಕು ದಿನದ ಮೇಲೆ ನಾನು ಹೊರಟೆ.

ಸೇತುವೆಯ ಆಚೆ ಬದಿಗೆ ಒಂದು ಸುಂಕದ ಉಕ್ಕಡ. ಅಲ್ಲಿನ ಗುಮಾಸ್ತ ನನ್ನನ್ನು ನೆಲದ ಮೇಲೆ ಇಳಿಸಿದ. ಹಿಂದಿನ ಸಾರಿ ಸಣ್ಣ ಗಾಡಿಗೆ ಬರೆದಿದ್ದ ಪುಟ ತೆರೆದ.

"ಹೋದ್ ಸಾರಿ ಒಂದೂವರೆ ಕುದುರೆ ಅಂತ ಬರ್ಸಿದ್ದೀರಿ."

"ಅದು ಬೇರೆ ಗಾಡಿ."

"ಮನುಷ್ಯ ಅದೇ ಅಲ್ವಾ?"

"ಮನುಷ್ಯ ಅದೇ, ಗಾಡಿ ಬೇರೆ."

"ಮತ್ತೆ ಒಂದೂವರೆ ಎಲ್ಲೋಯ್ತು?"

ಅವನ ಪುಸ್ತಕದ ಪ್ರಕಾರ ಒಂದೂವರೆ ಕುದುರೆ ಮೈಸೂರು ರಾಜ್ಯಕ್ಕೆ ಬಂದದ್ದಿತ್ತು, ಹೊರಟುಹೋದದ್ದು ಇರಲಿಲ್ಲ. ನಾನು ಹಿಂದಿರುಗುವಾಗ ಆ ಮಹಾನುಭಾವ ಊಟಕ್ಕೆ ಎದ್ದುಹೋಗಿದ್ದನೆಂದು ಕಾಣುತ್ತದೆ. ಕಾಂಪೌಂಡರ ಮನೆಯಲ್ಲಿರುವ ಗಾಡಿ ಎಲ್ಲಿ ಹೋಯಿತೆಂದು ನಾನು ಅರ್ಜಿ ಬರೆದುಕೊಡಬೇಕಾಯಿತು. ಬರೆದರೆ ಸ್ಟಾಂಪು ನಮ್ಮ ಸೀಮೆಯದು, ನಡೆಯುವುದಿಲ್ಲ ಎಂದ. ಬಿಸಿಲು ನೆತ್ತಿಗೆ ಬರುವವರೆಗೂ ಕೂರಿಸಿದ. ಅಷ್ಟು ಹೊತ್ತೂ ಪಕ್ಕದಲ್ಲಿ ಕಾವೇರಿ ಧುಮುಕುವ ಸದ್ದು. ಆ ನೀರಿನಿಂದ ಕರೆಂಟು ತೆಗೆದು ಮೈಸೂರಿನ ಬೀದಿಗಳಿಗೆ ದೀಪ ಹಾಕಿದ್ದಾರೆ. ನದಿಯ ಇನ್ನೊಂದು ದಡದ ನಾವು ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಿದ್ದೆವು. ಅದನ್ನೂ ಅವನಿಗೆ ಹೇಳಿದೆ. "ಅದಕ್ಕೆ ಬೇರೆ ಅರ್ಜಿ ಕೊಡಿ" ಎಂದ.

ಚನ್ನಪಟ್ಟಣ

ಮಳವಳ್ಳಿಯ ಆಚೆ ಏರು ಬಂತು. ನಿಜ ಹೇಳಿಬಿಡಬೇಕು, ಆ ಇಡೀ ಪ್ರಯಾಣದಲ್ಲಿ ನಾನು ಸಂತೋಷಪಟ್ಟದ್ದು ಅಲ್ಲಿ ಮಾತ್ರ. ಸಣ್ಣ ಗಾಡಿಯನ್ನು ಎರಡು ಸಲ ನಿಂತು ಬೆವರೊರೆಸಿಕೊಂಡು ತಳ್ಳಿದ್ದ ಏರನ್ನು ಇದು ಒಂದೇ ಉಸಿರಿಗೆ ಹತ್ತಿತು. ಮೇಲೆ ನಿಂತಿದ್ದ ಎತ್ತಿನ ಗಾಡಿಯವನಿಗೆ ನಾನು ಕೈಯೆತ್ತಿದೆ. ಅವನ ಎತ್ತು ಬೆದರಿ ಹಳ್ಳಕ್ಕೆ ಇಳಿಯಿತು. ಅವನು ಬೈದದ್ದು ಸದ್ದಿನಲ್ಲಿ ಕೇಳಿಸಲಿಲ್ಲ.

ಇಳಿಜಾರಿನಲ್ಲಿ ಗೇರಿನ ಹಿಡಿಯ ತುದಿಗಿದ್ದ ಗುಂಡು ಕಳಚಿ ಎಲ್ಲಿಯೋ ಬಿತ್ತು. ಗೇರು ಹಾಕಬೇಕಾದರೆ ಪೆಟ್ರೋಲ್ ಟ್ಯಾಂಕಿನ ಪಕ್ಕದ ಕಂಬಿಯನ್ನು ಬಲಗೈಯಲ್ಲಿ ಎಳೆಯಬೇಕು. ಬರಿಯ ಕಂಬಿ ಅಂಗೈ ಕೊಯ್ದಿತು. ಈ ಗಾಡಿಯ ನಡುಕವೇ ಅಂಥದ್ದು. ಮದ್ದೂರು ಬರುವ ಹೊತ್ತಿಗೆ ದೀಪದ ಸ್ಕ್ರೂ ಸಡಿಲವಾಗಿತ್ತು, ನನ್ನ ಹಲ್ಲುಗಳೂ ಸಡಿಲವಾದ ಹಾಗಿತ್ತು. ಸಣ್ಣದು ಇಷ್ಟು ನಡುಗುತ್ತಿರಲಿಲ್ಲ. ನಡುಗುವ ಶಕ್ತಿಯೇ ಅದಕ್ಕಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಬೀದಿಯಿದೆ. ಅಲ್ಲಿ ಬಾಷಾ ಸಾಹೇಬರೆಂಬ ಮುದುಕರು ಜಗಲಿಯ ಮೇಲೆ ಕೂತು ತೊಟ್ಟಿಲ ಗುಬ್ಬಿಗಳನ್ನು ಕಡೆಯುತ್ತಿದ್ದರು. ಒಂದು ಕೈಯಲ್ಲಿ ಬಿಲ್ಲು ಎಳೆದರೆ ಮರ ತಿರುಗುತ್ತದೆ, ಇನ್ನೊಂದು ಕೈಯಲ್ಲಿ ಉಳಿ. ನನ್ನ ಕಂಬಿ ನೋಡಿ ಒಂದು ತುಂಡು ಹಾಲೆ ಮರ ಆರಿಸಿದರು. ಕಡೆದು, ತೂತು ತೆಗೆದು, ತಿರುಗುತ್ತಿರುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ, ಒಣಗಿದ ಎಲೆಯಿಂದ ಉಜ್ಜಿ ಹೊಳಪು ಕೊಟ್ಟರು. ಅಷ್ಟರಲ್ಲಿ ಅರ್ಧ ಊರು ಸೇರಿತ್ತು. ಬಂದ ಪ್ರತಿಯೊಬ್ಬನೂ ಮೊದಲು ಕೇಳಿದ್ದು ಎಷ್ಟು ಕುದುರೆ ಎಂದು. ಎರಡನೆಯದು, ನಿಮ್ಮ ಕಡೆ ಮಹಾರಾಜರು ಇಲ್ಲವಂತಲ್ಲ, ಪಾಪ, ಎಂದು. ಈ 'ಪಾಪ' ನನಗೆ ಹೊಟ್ಟೆ ಉರಿಸಿತು. ನಮ್ಮ ಕಡೆ ಹೊಸಬ ಬಂದರೆ ಮೊದಲು ನೀರು ಕೊಡುತ್ತೇವೆ.

ಸಾಹೇಬರು ಗುಂಡನ್ನು ಕಂಬಿಗೆ ಹೊಡೆದು ಕೂರಿಸಿದರು.

"ಗಾಡಿ ಬಾಳ ಕುಣೀತೈತೆ ಸ್ವಾಮಿ. ಅದಕ್ಕೇ ಬಿಗಿ ಕೊಟ್ಟಿದೀನಿ. ಹಿಂದೆ ಏನ್ ತುಂಬ್ತೀರಿ?"

"ಬಿತ್ತನೆ ಗೂಡು."

ಅವರು ನನ್ನ ಮುಖ ನೋಡಿದರು, ಕ್ಯಾರಿಯರ್ ನೋಡಿದರು, ಮತ್ತೆ ಬಿಲ್ಲು ಕೈಗೆ ತೆಗೆದುಕೊಂಡರು. ಏನಾದರೂ ಹೇಳಬಾರದಿತ್ತೇ ಈ ಮನುಷ್ಯ ಎಂದು ಆಮೇಲೆ ಎಷ್ಟೋ ಸಲ ಸಿಟ್ಟಾಗಿದ್ದೇನೆ. ಹೇಳಿದ್ದರೆ ಕೇಳುತ್ತಿದ್ದೆನೇ ಎಂಬುದು ಬೇರೆ ಮಾತು.

ರಾಮನಗರ

ಆಗ ಇದನ್ನು ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಎಲ್ಲ ಕಡೆ ಬಂಡೆ. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೇ ಕಲ್ಲು ಕಾದು ಮುಖಕ್ಕೆ ಹೊಡೆಯುತ್ತಿತ್ತು. ಅರ್ಕಾವತಿಯ ದಡದಲ್ಲಿ ನೀರು ಕುಡಿಯೋಣವೆಂದು ಇಳಿದರೆ ಮರಳಿನಲ್ಲಿ ಗಾಡಿ ಪಕ್ಕಕ್ಕೆ ಮಲಗಿತು. ಸಣ್ಣದು ಬಿದ್ದರೆ ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಇದನ್ನು ಎತ್ತಲು ಹೋಗಿ ನನ್ನ ಸೊಂಟ ಹಿಡಿಯಿತೇ ಹೊರತು ಗಾಡಿ ಅಲ್ಲಾಡಲಿಲ್ಲ. ಪೆಟ್ರೋಲು ಸೋರಿ ಮರಳಿಗೆ ಹೋಗುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ನಾಲ್ವರು ಕೆಲಸ ಬಿಟ್ಟು ಬಂದರು.

"ಎಮ್ಮೆ ಬಿದ್ದಂಗೆ ಬಿದ್ದೈತಲ್ಲ ಸಾಮಿ" ಎಂದ ಒಬ್ಬ.

"ಎಮ್ಮೆ ಆದ್ರೆ ಬಾಲ ತಿರುವಿದ್ರೆ ಏಳ್ತದೆ ಕಣ್ಲಾ" ಎಂದ ಇನ್ನೊಬ್ಬ.

ನಗುತ್ತಲೇ ಎತ್ತಿ ನಿಲ್ಲಿಸಿದರು. ಚಾಲೂ ಮಾಡಲು ಒದ್ದೆ. ಒದೆಯುವ ಕಂಬಿ ಹಿಂದಕ್ಕೆ ಬಡಿದು ನನ್ನ ಮೊಣಕಾಲಿನ ಕೆಳಗೆ ಚರ್ಮ ಕಿತ್ತಿತು. ಸಣ್ಣ ಗಾಡಿಗೆ ಒದೆಯುವ ಕಂಬಿಯೇ ಇರಲಿಲ್ಲ, ಅದು ಯಾರನ್ನೂ ಒದೆಯುತ್ತಿರಲಿಲ್ಲ. ನಾಲ್ವರೂ ಈಗ ನಗಲಿಲ್ಲ, ಒಬ್ಬ ಒಗೆದ ಬಟ್ಟೆಯ ಅಂಚು ಹರಿದು ಗಾಯಕ್ಕೆ ಕಟ್ಟಿದ. ಯಾರ ಪಂಚೆಯೋ ಗೊತ್ತಿಲ್ಲ. ನಾನು ಉಪಕಾರ ಎನ್ನುವುದನ್ನೂ ಮರೆತು ಗಾಡಿಯನ್ನು ಬೈಯುತ್ತಾ ಹೊರಟೆ.

ಈ ಚೆಲ್ಲಾಟದಲ್ಲಿ ಪೆಟ್ರೋಲು ಕಮ್ಮಿಯಾದ್ದರಿಂದ ಊರೊಳಗೆ ಒಂದು ಡಬ್ಬ ಹೆಚ್ಚಿಗೆ ಕೊಂಡು ಕ್ಯಾರಿಯರ್ ಮೇಲೆ, ಸೀಟಿನ ಹಿಂಬದಿಗೆ ಕಟ್ಟಿದೆ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಮಾಗಡಿ ಕಡೆಯ ಹಳ್ಳಿ

ಮಾಗಡಿಗೆ ಇನ್ನೂ ಸ್ವಲ್ಪ ದೂರವಿರುವಂತೆ ಬಲಕ್ಕೆ ತಿರುಗಿದರೆ ಚಿಕ್ಕಣ್ಣನ ಹಳ್ಳಿ. ನಮ್ಮೂರಿಗೆ ಅಪ್ಪನ ಕಾಲದಿಂದ ಬಿತ್ತನೆ ಕೊಡುವ ಮನೆ ಅವನದು. ಗಾಡಿಯ ಸದ್ದು ಕೇಳಿದ ಕೂಡಲೇ ಅವನು ಓಡಿಬಂದು ದಾರಿಗೆ ಅಡ್ಡ ನಿಂತ. ಹುಳುಮನೆಯಿಂದ ಅಷ್ಟು ದೂರದಲ್ಲೇ ಗಾಡಿ ನಿಲ್ಲಿಸಬೇಕು. ಕೈಕಾಲು ಮುಖ ತೊಳೆದು, ಮೇಲಂಗಿ ಕಳಚಿ, ಅವನು ಕೊಟ್ಟ ಪಂಚೆ ಉಟ್ಟು ಒಳಗೆ ಬರಬೇಕು. ಪೆಟ್ರೋಲಿನ ವಾಸನೆ ಹುಳಕ್ಕೆ ಆಗದು. ನಾನೂ ಹುಳು ಮೇಯಿಸುವ ಮನೆಯವನೇ, ಹೊಗೆಸೊಪ್ಪಿನ ಕೈಯಲ್ಲಿ ನಮ್ಮ ಮನೆಯ ತಟ್ಟೆಯನ್ನೂ ಯಾರೂ ಮುಟ್ಟುವಂತಿಲ್ಲ. ಆದರೂ ನನ್ನ ಮೈಯನ್ನು ಅವನು ಹೀಗೆ ಮೂಸಿ ನೋಡಿದ್ದು ನನಗೆ ಅವಮಾನವಾಯಿತು.

"ನಿಮ್ಮೂರ ಮಾದಯ್ಯ ನಿನ್ನೆ ನಸುಕಿಗೇ ಹೊಂಟ" ಎಂದ ಚಿಕ್ಕಣ್ಣ. "ಅವ್ನಿಗೆ ಕೊಟ್ಟಿದ್ದೂ ಇದೇ ಗೂಡು. ಎಲ್ಲಾ ಒಂದೇ ದಿನ ಕಟ್ಟಿದ್ದು."

ಗೂಡು ಕೊಡುವುದು ಮಾರನೆಯ ಬೆಳಿಗ್ಗೆ, ತಂಪು ಹೊತ್ತಿನಲ್ಲಿ. ಆ ಮನೆಯಲ್ಲಿ ಗೂಡು ಕೊಡುವುದೆಂದರೆ ಹೆಣ್ಣು ಕಳಿಸಿದ ಹಾಗೆ. ಚಿಕ್ಕಣ್ಣನ ತಾಯಿ ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾಳೆ. ಒಳಗೆ ಹುಳು ಬಿಡಿಯಾಗಿ ಲೊಟಕ್ ಎಂದರೆ ಬುಟ್ಟಿಗೆ, ಸದ್ದಿಲ್ಲದಿದ್ದರೆ ಪಕ್ಕಕ್ಕೆ. ತುಂಬಿದ ಬುಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಮೇಲೆ ಎರಡು ವೀಳ್ಯದೆಲೆ ಇಟ್ಟು ಬಟ್ಟೆ ಕಟ್ಟುತ್ತಾಳೆ. ಎರಡು ಬುಟ್ಟಿ ತುಂಬಿತು. ಒಂದು ನಮ್ಮ ಬೀದಿಯ ನಾಲ್ಕು ಮನೆಗೆ. ಇನ್ನೊಂದು ಅಕ್ಕನದು, ಅದರ ಕಿವಿಗೆ ನಾನು ಕೆಂಪು ದಾರ ಕಟ್ಟಿದೆ.

ಗಾಡಿಯ ಹತ್ತಿರ ಬಂದು ಕ್ಯಾರಿಯರ್‌ನ ಎರಡು ಕಡೆಗೆ ಬುಟ್ಟಿ ಬಿಗಿಯಲು ಹಗ್ಗ ತೆಗೆದೆ. ಮುದುಕಿ ನನ್ನ ಕೈ ಹಿಡಿದಳು.

"ಮಗೀನ ಯಾರಾದ್ರೂ ಬೆನ್ನಿಂದೆ ಕಬ್ಬಿಣಕ್ಕೆ ಕಟ್ತಾರೇನಪ್ಪ?"

"ಹೋದ ಸಾರಿ ಬೆನ್ನಿಗೆ ಕಟ್ಕೊಂಡಿದ್ರಲ್ಲ ಸಾಮಿ, ಅಂಗೇ ಕಟ್ಕಳಿ" ಎಂದ ಚಿಕ್ಕಣ್ಣ. "ಗೂಡು ಇನ್ನೂ ಎಳೇದು. ಒಳಗೆ ಹುಳ ಮೆತ್ತಗೈತೆ. ಮೈ ಮೇಲಿದ್ರೆ ಕುಲುಕಾಡಾಕಿಲ್ಲ."

"ಆವಾಗ ಒಂದು ಬುಟ್ಟಿ. ಈಗ ಎರಡಿದೆ."

"ಒಂದೇ ತಗೊಂಡೋಗಿ. ಇನ್ನೊಂದ್ಕೆ ಯಾರ್ನಾರ ಕಳ್ಸಿ."

ಮೂರೂವರೆ ಕುದುರೆಯ ಮೇಲೆ ಕೂತವನಿಗೆ ಇವನು ಬುದ್ಧಿ ಹೇಳುತ್ತಾನೆ! ಕ್ಯಾರಿಯರ್ ಇರುವುದು ಯಾತಕ್ಕೆ ಎಂದು ಕೇಳಿದೆ. ನಿಮ್ಮ ಮೈಸೂರಿನವರಿಗೆ ಎಲ್ಲದರಲ್ಲೂ ತಡ ಮಾಡುವುದೊಂದೇ ಗೊತ್ತು ಎಂದೆ. ಸೇತುವೆಯ ಹತ್ತಿರ ಗುಮಾಸ್ತ, ಇಲ್ಲಿ ನೀನು, ಎಂದೆ. ಮುದುಕಿ ಬುಟ್ಟಿಯನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ನಾನು ಒದ್ದೆ. ಈ ಸಲ ಒಂದೇ ಒದೆತಕ್ಕೆ ಚಾಲೂ ಆಯಿತು, ನೋಡಿದಿರಾ ಎನ್ನುವ ಹಾಗೆ ಚಿಕ್ಕಣ್ಣನ ಕಡೆ ತಿರುಗಿದೆ.

ಕನಕಪುರದ ದಾರಿ

ಹಿಂದಿರುಗುವಾಗ ಕನಕಪುರದ ಮೇಲೆ ಬಂದೆ, ಅದು ಹತ್ತಿರ. ಆಗಿನ ಹೆಸರು ಕಾನಕಾನಹಳ್ಳಿ. ಹೆಸರು ಹೇಳುವುದರೊಳಗೆ ನಾಲಗೆ ಎಡವುತ್ತಿತ್ತು, ರಸ್ತೆಯೂ ಹಾಗೆಯೇ. ಎತ್ತಿನ ಗಾಡಿಗಳ ಚಕ್ರ ಕೊರೆದ ಎರಡು ಹಳ್ಳ, ನಡುವೆ ಕಲ್ಲು. ಎತ್ತಿನ ಗಾಡಿಗೆ ಎರಡು ಚಕ್ರ ಅಕ್ಕಪಕ್ಕ, ನನಗೆ ಹಿಂದೆ ಮುಂದೆ. ಹಳ್ಳದಲ್ಲಿ ಹೋದರೆ ಕಾಲಿಡುವ ಕಂಬಿ ತಗಲುತ್ತದೆ, ಕಲ್ಲಿನ ಮೇಲೆ ಹೋದರೆ ಬೆನ್ನೆಲುಬು ಎಣಿಸಬಹುದು. ಸಣ್ಣ ಗಾಡಿಯಲ್ಲಿ ಇಂಥ ಕಡೆ ನಾನು ಇಳಿದು ನಡೆಯುತ್ತಿದ್ದೆ. ಈಗ ಇಳಿಯಲು ಮನಸ್ಸು ಬರಲಿಲ್ಲ. ಶಕ್ತಿ ಇದೆಯಲ್ಲ ಎಂದು ಓಡಿಸಿದೆ.

ಪೇಟೆ ದಾಟಿ ಸಾತನೂರಿನ ಕಡೆ ಒಂದೆರಡು ಮೈಲಿ ಹೋಗುವಷ್ಟರಲ್ಲಿ ಹಿಂದೆ ಟಕ್ ಎಂದಿತು. ಕ್ಯಾರಿಯರ್‌ನ ಎಡಗಡೆಯ ಕಂಬಿ ಮುರಿದಿತ್ತು. ಬೀದಿಯವರ ಬುಟ್ಟಿ ಹಗ್ಗದಲ್ಲಿ ನೇತಾಡುತ್ತಿತ್ತು. ಪುಣ್ಯಕ್ಕೆ ಚೆಲ್ಲಿರಲಿಲ್ಲ. ಹಗ್ಗ ಬಿಚ್ಚುತ್ತಾ ನಾನು ಆ ಗಾಡಿ ಮಾಡಿದವನ ವಂಶವನ್ನು ಬೈದೆ, ಮಾರಿದವನನ್ನು ಬೈದೆ, ರಸ್ತೆ ಮಾಡಿಸದ ದೊರೆತನವನ್ನೂ ಬೈದೆ.

"ಯಾರು, ಬುದ್ದಿನಾ?" ಎಂದು ಹುಣಸೆ ಮರದ ಕೆಳಗಿನಿಂದ ಒಬ್ಬ ಎದ್ದು ಕೂತ.

ಮಾದಯ್ಯ. ಬಿಸಿಲು ಇಳಿಯುವವರೆಗೆ ಅವನು ನಡೆಯುವುದಿಲ್ಲ. ಅವನ ಎರಡು ಬುಟ್ಟಿಗಳೂ ಕೊಂಬೆಗೆ ತೂಗುತ್ತಿದ್ದವು. ಇರುವೆ ಹತ್ತದಿರಲೆಂದು ತೂಗುಹಗ್ಗಕ್ಕೆ ಹರಳೆಣ್ಣೆ ಸವರಿದ ಬಟ್ಟೆ ಸುತ್ತಿದ್ದ. ತಾನು ಮಲಗಿದ್ದದ್ದು ಬರಿ ನೆಲದ ಮೇಲೆ. ನನಗಿಂತ ಎರಡು ದಿನ ಮುಂಚೆ ಹೊರಟವನನ್ನು ನಾನು ಮಧ್ಯಾಹ್ನಕ್ಕೆ ಹಿಡಿದೆನಲ್ಲ ಎಂದು ಹೆಮ್ಮೆಪಡಬೇಕಾದ ಗಳಿಗೆ ಅದು. ಮುರಿದ ಕಂಬಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಅವನು ಬಂದು ಕ್ಯಾರಿಯರ್ ಮುಟ್ಟಿ ನೋಡಿದ. ಕೈ ಹಿಂದಕ್ಕೆಳೆದುಕೊಂಡ.

"ಸುಡ್ತದಲ್ಲ ಬುದ್ದಿ. ಎರಡೂ ನಂಗ್ ಕೊಟ್ಬುಡಿ. ತಲೆ ಮ್ಯಾಲೆ ಒಂದು, ಅಡ್ಡೇಲಿ ಒಂದೊಂದ್ರ ಮ್ಯಾಲೆ ಒಂದು ಕಟ್ಕತೀನಿ. ನಾಳಿದ್ದು ಸಂಜೆಗೆ ಊರ್ಲಿರ್ತೀನಿ."

"ಇದೊಂದು ಹೊರು" ಎಂದು ಬೀದಿಯವರ ಬುಟ್ಟಿ ಕೊಟ್ಟೆ. "ಇನ್ನೊಂದು ಅಕ್ಕನದು. ಅದು ಇವತ್ತೇ ಹೋಗಬೇಕು."

"ಗೌರವ್ವಾರ್ದಾ?" ಅವನು ಕೆಂಪು ದಾರ ನೋಡಿದ. "ಅದ್ನೇ ಕೊಡಿ ಬುದ್ದಿ. ಬೀದಿಯೋರ್ದು ನೀವ್ ತಗೊಂಡೋಗಿ."

"ನಮ್ಮಕ್ಕನ ವಿಷಯ ನನಗೆ ಹೇಳಿಕೊಡಬೇಡ" ಎಂದೆ. ನನ್ನ ದನಿ ನನಗೇ ಒರಟೆನಿಸಿತು. ಅಕ್ಕನ ಬುಟ್ಟಿಯನ್ನು ಕ್ಯಾರಿಯರ್‌ನ ನಡುವೆ ಇಟ್ಟು, ಅಲ್ಲಾಡದಿರಲೆಂದು ಪೆಟ್ರೋಲ್ ಡಬ್ಬಕ್ಕೆ ಒತ್ತಿ ಬಿಗಿದೆ. ನನಗೆ ಆ ಕ್ಷಣದಲ್ಲಿ ಬೆನ್ನು ನೆನಪಾಗಲಿಲ್ಲ. ಒಂದೇ ಬುಟ್ಟಿ ಉಳಿದಿತ್ತು, ಪಂಚೆ ಇತ್ತು, ಬೆನ್ನೂ ಇತ್ತು. ನೆನಪಾಗಿತ್ತೆಂದೇ ಹೇಳಬೇಕೇನೋ. ಮಾದಯ್ಯನ ಎದುರಿಗೆ ಹೊರೆ ಹೊರುವವನ ಹಾಗೆ ಕಟ್ಟಿಕೊಳ್ಳಲು ಆಗಲಿಲ್ಲ. ಇಷ್ಟು ವರ್ಷವಾದ ಮೇಲೆ ಸುಳ್ಳು ಹೇಳಿ ಏನಾಗಬೇಕಾಗಿದೆ.

ಮಾದಯ್ಯ ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಳ್ಳುತ್ತಿದ್ದ. ನಾನು ಅವನ ಮುಖದ ಮೇಲೆ ಹೊಗೆ ಬಿಟ್ಟು ಹೊರಟೆ.

ಮನೆ

ಅಂದೇ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿದ್ದೆ. ಹೇಳಿದ ಹಾಗೆ ಮೂರು ದಿನ. ಬೀದಿಯವರು ಬಂದು ಗಾಡಿಯ ಸುತ್ತ ನಿಂತರು. ಅಕ್ಕ ಬುಟ್ಟಿಯ ಬಟ್ಟೆ ಬಿಚ್ಚಿ ಒಂದು ಗೂಡು ತೆಗೆದು ಮೂಸಿದಳು. ತಟ್ಟೆಯಲ್ಲಿ ಹರಡಿ ಗಾಳಿಗೆ ಇಟ್ಟಳು. ಎರಡು ದಿನದ ಮೇಲೆ ಮಾದಯ್ಯ ಬಂದ, ಮೂರು ಬುಟ್ಟಿಯನ್ನೂ ಇಳಿಸಿ, ಪ್ರತಿ ಬುಟ್ಟಿಯಿಂದ ತನ್ನ ಬೊಗಸೆ ತೆಗೆದುಕೊಂಡು ಹೋದ.

ಅದರ ಎರಡನೆಯ ಬೆಳಿಗ್ಗೆ ಬೀದಿಯ ನಾಲ್ಕೂ ಮನೆಯಲ್ಲಿ ಚಿಟ್ಟೆ ಬಂತು. ತಟ್ಟೆ ತುಂಬ ಬಿಳಿ ರೆಕ್ಕೆ ಪಟಪಟ ಎನ್ನುತ್ತಿತ್ತು. ಅಕ್ಕನ ತಟ್ಟೆಯ ಮುಂದೆ ನಾನೂ ಅವಳೂ ಕೂತಿದ್ದೆವು. ಬಿಸಿಲು ಬಾಗಿಲಿಗೆ ಬಂತು. ಏಳೆಂಟು ಚಿಟ್ಟೆ ಬಂದವು, ಅವೂ ರೆಕ್ಕೆ ಮುದುಡಿದವು. ಅಕ್ಕ ಒಂದು ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಇನ್ನೊಂದನ್ನು ಅಲ್ಲಾಡಿಸಿದಳು. ಆಮೇಲೆ ನನ್ನ ಕೈಗೆ ಒಂದು ಕೊಟ್ಟಳು. ಸದ್ದೇ ಇರಲಿಲ್ಲ. ಒಳಗೆ ಹುಳು ಕರಗಿ ಗೂಡಿಗೆ ಅಂಟಿಹೋಗಿತ್ತು. ಪೆಟ್ರೋಲಿನ ವಾಸನೆ ಇನ್ನೂ ಇತ್ತು.

ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ. ರಸ್ತೆ, ಕಂಬಿ, ಚಿಕ್ಕಣ್ಣ, ಎಲ್ಲ ನಾಲಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿದ್ದವು. ಅವಳು ಎದ್ದು ಹೋಗಿ ಒಲೆಗೆ ತುಳಿದಿಟ್ಟ ಮಣ್ಣಿನ ಮೇಲೆ ಗೋಣಿ ಮುಚ್ಚಿ ಬಂದಳು. ಅಷ್ಟೇ.

ಬೀದಿಯ ಯಾರ ಮನೆಯಲ್ಲೂ ಬಿತ್ತನೆ ಹೆಚ್ಚಿಗೆ ಇರಲಿಲ್ಲ. ಆ ಹೊತ್ತಿಗೆ ಮಾದಯ್ಯ ಒಂದು ಮೊರ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದ. ಅವನ ಮೂರು ಬೊಗಸೆಯ ಚಿಟ್ಟೆಗಳೂ ಅದರಲ್ಲಿದ್ದವು.

"ನಂಗ್ ಸೊಪ್ಪಿಲ್ಲ ಅವ್ವಾರೆ. ಮಡಿಕಳಿ" ಎಂದ.

ನಾನು ಅಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡಿ ಒಂದಿಷ್ಟಾದರೂ ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಗಲಿಲ್ಲ. ಅವನ ಮೇಲೆ ನನಗೆ ಬಂದಷ್ಟು ಸಿಟ್ಟು ಆ ಉಕ್ಕಡದ ಗುಮಾಸ್ತನ ಮೇಲೂ ಬಂದಿರಲಿಲ್ಲ.

ಮೂರು ಬೊಗಸೆಯ ಬಿತ್ತನೆಯಲ್ಲಿ ಅಕ್ಕನ ಅರ್ಧ ಸೊಪ್ಪು ಖರ್ಚಾಯಿತು. ಉಳಿದದ್ದು ಗಿಡದಲ್ಲೇ ಬಲಿತು ದನಕ್ಕೆ ಹೋಯಿತು. ಆ ಬೆಳೆಗೆ ಬೇರೆ ಒಲೆಯ ಮಾತು ಯಾರೂ ಎತ್ತಲಿಲ್ಲ. ಮಣ್ಣು ಗೋಣಿಯ ಕೆಳಗೆ ಒಣಗಿ ಬಿರುಕು ಬಿಟ್ಟಿತು.

ಮುಂದಿನ ಬೆಳೆಗೆ ನಾನೇ ಮಾದಯ್ಯನ ಗುಡಿಸಲಿಗೆ ಹೋದೆ. ಗಾಡಿಯ ಹಿಂದೆ ಕೂತುಕೋ, ಬುಟ್ಟಿ ನಿನ್ನ ತೊಡೆಯ ಮೇಲಿರಲಿ, ಮೂರು ದಿನಕ್ಕೆ ಬಂದುಬಿಡೋಣ ಎಂದೆ. ಸಣ್ಣದರಲ್ಲಿ ಇಬ್ಬರು ಕೂರುವಂತಿರಲಿಲ್ಲ, ಇದರಲ್ಲಿ ಕೂರಬಹುದು. ಅವನು ಬಹಳ ಹೊತ್ತು ಗಾಡಿ ನೋಡಿದ. ಕೆಂಪು ಗುಂಡನ್ನು ಒಮ್ಮೆ ಮುಟ್ಟಿದ.

"ಹೋಗೋವಾಗ ಆಗ್ಬೋದು ಬುದ್ದಿ, ಬರೀ ಕೈಯಲ್ವಾ" ಎಂದ. "ಬರೋವಾಗ ನಾ ನಡ್ಕಂಡೇ ಬತ್ತೀನಿ."

ಹಾಗೆಯೇ ಆಯಿತು. ಕ್ಯಾರಿಯರ್ ಮೇಲೆ ಗೋಣಿ ಮಡಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಮಾದಪ್ಪನ ಹೆಸರು ಹೇಳುತ್ತಾ ಅವನು ನಾಲ್ಕು ದಿನದ ದಾರಿಯನ್ನು ಒಂದೂವರೆ ದಿನದಲ್ಲಿ ಮುಗಿಸಿದ. ಚಿಕ್ಕಣ್ಣನ ತಾಯಿ ಬುಟ್ಟಿಗಳನ್ನು ಅವನ ಅಡ್ಡೆಗೆ ಕಟ್ಟಿದಳು. ನಾನು ಅವನಿಗಿಂತ ಮುಂದಾಗಿ ಒಬ್ಬನೇ ಹಿಂದಿರುಗಿದೆ. ಉಕ್ಕಡದಲ್ಲಿ ಅದೇ ಗುಮಾಸ್ತ ಪುಸ್ತಕ ತೆರೆದ.

"ಏನ್ ತಂದ್ರಿ?"

"ಏನೂ ಇಲ್ಲ."

"ಇಷ್ಟು ದೊಡ್ಡ ಗಾಡೀಲಿ?"

"ಬರೆದುಕೊಳ್ಳಿ" ಎಂದೆ. ಬರೆದುಕೊಂಡ.

ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಬಂದದ್ದಕ್ಕೆ ತಲೆಯಾಡಿಸಿ, ನನ್ನ ಹಿಂದಿನ ದಾರಿಯನ್ನು ನೋಡಿದಳು. ಮಾದಯ್ಯ ಬರುವವರೆಗೆ ನಾಲ್ಕು ದಿನ ಹಾಗೆಯೇ ಹೊರಗೆ ಬಂದು ಬಂದು ನೋಡಿದಳು.

ಆ ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸಿದ ವಾರ ಅಕ್ಕ ಹೊಸದಾಗಿ ಮಣ್ಣು ತುಳಿದು ಹಿತ್ತಲಲ್ಲಿ ಒಲೆ ಹೂಡಿದಳು. ಮೊದಲ ದಿನ ಅನ್ನ, ಅವರೆಕಾಳಿನ ಸಾರು ಮಾಡಿ ಜಗಲಿಯ ಮೇಲೆ ಎಲೆ ಹಾಕಿ ಮಾದಯ್ಯನಿಗೆ ಬಡಿಸಿದಳು. ಅವನು ಉಂಡು ಎದ್ದ ಮೇಲೆ ನನ್ನನ್ನು ಕರೆದಳು. ಹೋದೆ. ಸಿಟ್ಟಿನಲ್ಲೇ ಉಂಡೆ. ಸಾರು ಚೆನ್ನಾಗಿತ್ತು.